ಒಂದೂ ಸುಳ್ಳಿಲ್ಲದ ವರದಿ

ನನಗೆ ಅನುಮಾನ ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಇದನ್ನು ಹೇಳಿಬಿಡುವುದು ಒಳ್ಳೆಯದು. ವಿದ್ಯಾಗಿರಿಯ ನಮ್ಮ ಮನೆಗೆ ಹಾಲು ಹಾಕುವವನು ಕ್ಯಾನಿನ ಮುಚ್ಚಳ ತೆಗೆಯುವಾಗ ನಾನು ಬಾಗಿಲಲ್ಲೇ ನಿಂತಿರುತ್ತೇನೆ. ತರಕಾರಿಯವಳು ತೂಗುವಾಗ ನನ್ನ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿರುವುದಿಲ್ಲ, ಅವಳ ಕಿರುಬೆರಳಿನ ಮೇಲಿರುತ್ತದೆ. ನನ್ನ ಗಂಡ ಸಾಲೆಯ ಮಾಸ್ತರ. ಸಂಜೆ ತಡವಾದರೆ ಅದರ ಕಾರಣವನ್ನು ಚೀಟಿಯಲ್ಲಿ ಬರೆದುಕೊಂಡು ಬಂದು, ಓದಿ ಸಹಿ ಹಾಕು ಎಂದು ನನ್ನ ಕೈಗಿಟ್ಟು ಚೇಷ್ಟೆ ಮಾಡುತ್ತಾರೆ. ನಾನು ಚೀಟಿ ಓದುತ್ತೇನೆ. ಒಂದೆರಡು ಸಲ ಅದರಲ್ಲೂ ತಪ್ಪು ಹಿಡಿದಿದ್ದೇನೆ.

ಇದು ಹುಟ್ಟುಗುಣವೇನಲ್ಲ. ಬೇವೂರಿನಲ್ಲಿ ಒಕ್ಕಲುತನದ ಮನೆಯಲ್ಲಿ ಬೆಳೆದವಳು ನಾನು. ಅಲ್ಲಿ ಯಾರೂ ಯಾರನ್ನೂ ಅಷ್ಟು ಪರೀಕ್ಷೆ ಮಾಡುತ್ತಿರಲಿಲ್ಲ. ಅನುಮಾನ ಹತ್ತಿದ್ದು ದವಾಖಾನೆಯಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತುರ್ತು ವಿಭಾಗದ ನರ್ಸ್ ಆಗಿದ್ದೆ. ಅಲ್ಲಿಯ ಬಾಗಿಲಿಗೆ ಬಂದವರೆಲ್ಲ ನಮ್ಮದೇ ಮೊದಲು ನೋಡಿ ಅನ್ನುತ್ತಾರೆ. ಹಲ್ಲುನೋವಿನವನು ಎದೆನೋವು ಅನ್ನುತ್ತಾನೆ, ಎದೆನೋವಿನವನು ಹೆಂಡತಿಗೆ ಹೆದರಿ ಬರೀ ಗ್ಯಾಸು ಅನ್ನುತ್ತಾನೆ. ಎಲ್ಲರ ಮಾತನ್ನೂ ಸೋಸಿಕೊಂಡೇ ಕೇಳಬೇಕು ಎಂಬುದು ಅಲ್ಲಿ ನನ್ನ ಮೈಗೆ ಹತ್ತಿತು, ಮನೆಗೆ ಬಂದರೂ ಬಿಡಲಿಲ್ಲ.

ಆಮೇಲೆ ನನ್ನನ್ನು ತರಬೇತಿಗೆ ಹಾಕಿದರು. ಬಾಗಲಕೋಟೆಯಲ್ಲಿ ಮುಖ್ಯ ದವಾಖಾನೆ; ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಅದೇ ಆಡಳಿತದ ಸಣ್ಣ ದವಾಖಾನೆಗಳು. ಅಲ್ಲಿಯ ನರ್ಸುಗಳಿಗೆ ನಾನು ಕಲಿಸಬೇಕಾದದ್ದು ಟ್ರಯಾಜ್ ಎಂಬ ಕೆಲಸ. ಹೆಸರು ವಿಚಿತ್ರವಾದರೂ ಕೆಲಸ ಹಳೆಯದೇ. ಒಮ್ಮೆಲೇ ಹತ್ತು ಜನ ಬಂದರೆ ಯಾರನ್ನು ಮೊದಲು ಒಳಗೆ ಕಳಿಸಬೇಕು, ಯಾರು ಸ್ವಲ್ಪ ಕಾಯಬಹುದು, ಯಾರು ಚಹಾ ಕುಡಿದು ಬಂದರೂ ನಡೆದೀತು ಎಂದು ಬಾಗಿಲ ಬಳಿಯ ಮೇಜಿನಲ್ಲೇ ತೀರ್ಮಾನಿಸಿ, ಮುಂಗೈಗೆ ಕೆಂಪು, ಹಳದಿ ಅಥವಾ ಹಸಿರು ಪಟ್ಟಿ ಕಟ್ಟುವುದು. ಕೆಂಪಿನವರು ತಕ್ಷಣ ಡಾಕ್ಟರ ಹತ್ತಿರ, ಹಳದಿಯವರು ಅವರ ನಂತರ, ಹಸಿರಿನವರು ಬೆಂಚಿನ ಮೇಲೆ. ನರ್ಸುಗಳು ಇದನ್ನು ಪಟ್ಟಿ ಕಟ್ಟೂದು ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯತೊಡಗಿದೆ.

ನನ್ನ ಪಾಠದಲ್ಲಿ ಒಂದು ಆಟವಿತ್ತು. ಒಬ್ಬ ನರ್ಸ್ ರೋಗಿಯಾಗಬೇಕು, ಸುಳ್ಳು ಹೇಳಿ ಕೆಂಪು ಪಟ್ಟಿ ಗಿಟ್ಟಿಸಬೇಕು. ಇನ್ನೊಬ್ಬಳು ಅದನ್ನು ಹಿಡಿಯಬೇಕು. ನರಳಾಟ, ಹೊರಳಾಟ, ಅವ್ವನ ಹೆಸರು ಹಿಡಿದು ಕೂಗಾಟ ಎಲ್ಲ ನಡೆಯುತ್ತಿತ್ತು. ಮಾತು ಕೇಳಿ, ಆದರೆ ನಂಬುವುದು ಮಾತ್ರ ನಾಡಿ, ಉಸಿರು, ಬಿಪಿ, ಬೆರಳಿಗೆ ಹಾಕುವ ಮಷಿನ್ನು ಎಂದು ನಾನು ಹೇಳುತ್ತಿದ್ದೆ. ಹೋದ ಕಡೆಯಲ್ಲೆಲ್ಲ ಈ ಆಟ ಮೆಚ್ಚುಗೆಯಾಯಿತು. ನನಗೇ ಅದರ ಬಗ್ಗೆ ತುಸು ಜಂಬ ಬಂದಿತ್ತು.

ಬಾದಾಮಿಯಲ್ಲಿ ನನ್ನ ಅನುಮಾನ ಮೊದಲ ಸಲ ಫಲ ಕೊಟ್ಟಿತು. ಅಲ್ಲಿ ಗುಹೆ ನೋಡಲು ಬಂದು ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡವರು, ಮಂಗಗಳಿಂದ ಪರಚಿಸಿಕೊಂಡವರು ಬಹಳ. ರಜಿಸ್ಟರ್ ನೋಡುತ್ತ ಕೂತಾಗ ಹೊರಗಿನ ಊರಿನವರಿಗೆಲ್ಲ ಹಳದಿ, ಸುತ್ತಲ ಹಳ್ಳಿಯವರಿಗೆಲ್ಲ ಹಸಿರು ಬಿದ್ದಿರುವುದು ಕಣ್ಣಿಗೆ ಬಿತ್ತು. ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ಬೆಂಚಿನ ಮೇಲೆ ರೋಗಿಯ ಹಾಗೆ ಕೂತೆ. ಟೊಪ್ಪಿಗೆ ಹಾಕಿಕೊಂಡ ಒಬ್ಬ ಪ್ರವಾಸಿ ಮೊಣಕೈಯ ಪರಚು ಗಾಯ ತೋರಿಸಿ ಇಂಗ್ಲಿಷಿನಲ್ಲಿ ಗದರಿದ, ಅವನಿಗೆ ಹಳದಿ. ನೆಲದ ಮೇಲೆ ಕೂತ ಒಬ್ಬ ಮುದುಕಿ ಮಾತಾಡದೆ ಬುಸಬುಸ ಉಸಿರು ಬಿಡುತ್ತಿದ್ದಳು, ಅವಳಿಗೆ ಹಸಿರು. ನಾನೇ ಎದ್ದು ಮುದುಕಿಯನ್ನು ಒಳಗೆ ಕರೆದೊಯ್ದೆ. ಆ ನರ್ಸ್ ಅತ್ತಳು, ಇಂಗ್ಲಿಷಿಗೆ ಹೆದರಿದೆ ಅಂದಳು. ಅದು ನಿಜವೇ ಇರಬೇಕು.

ಹುನಗುಂದದಲ್ಲಿ ಎರಡನೆಯ ಸಲ. ನನ್ನ ಪರೀಕ್ಷೆಯಲ್ಲಿ ಎಲ್ಲರೂ ಎಲ್ಲ ಉತ್ತರವನ್ನೂ ಸರಿಯಾಗಿ ಬರೆದಿದ್ದರು. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ನಾನು ಪ್ರಶ್ನೆಗಳ ಕ್ರಮ ಅದಲು ಬದಲು ಮಾಡಿ ಮತ್ತೆ ಕೊಟ್ಟೆ. ಮೊದಲ ಸಲದ ಉತ್ತರಗಳೇ ಅದೇ ಕ್ರಮದಲ್ಲಿ ಬಂದವು. ಬಾದಾಮಿಯಿಂದ ಉತ್ತರಗಳ ಸಮೇತ ಪ್ರಶ್ನೆಪತ್ರಿಕೆಯ ಫೋಟೋ ಫೋನಿನಲ್ಲಿ ಬಂದಿತ್ತು. ಮುಖ್ಯ ಕಚೇರಿಯ ಮೇಲಧಿಕಾರಿಗಳು ನಿಮ್ಮ ಕಣ್ಣಿಗೆ ಮಣ್ಣೆರಚುವುದು ಕಷ್ಟ ಬಿಡಿ ಎಂದು ಬೆನ್ನು ತಟ್ಟಿದರು. ಹೀಗೆ ಎರಡು ಊರು ಗೆದ್ದ ಹುಮ್ಮಸ್ಸಿನಲ್ಲೇ ನಾನು ಇಳಕಲ್ಲಿಗೆ ಬಸ್ಸು ಹತ್ತಿದ್ದು.

ಇಳಕಲ್ಲಿನ ಮೇಜಿನಲ್ಲಿ ಇದ್ದವಳು ಮೂವತ್ತರ ಆಸುಪಾಸಿನ ಒಬ್ಬ ನರ್ಸ್. ನೇಕಾರರ ಮನೆಯ ಸೊಸೆ. ಗಂಡ, ಅತ್ತೆ ಮನೆಯಲ್ಲೇ ಕೈಮಗ್ಗ ನಡೆಸುತ್ತಿದ್ದರು, ಸಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಅವಳದು ಕಾಯಂ ನೌಕರಿಯಲ್ಲ, ಕರಾರಿನದು, ವರ್ಷಕ್ಕೊಮ್ಮೆ ಮುಂದುವರಿಸಬೇಕು. ಆ ವರ್ಷ ಮುಂದುವರಿಸುವುದೋ ಬಿಡುವುದೋ ಎಂಬುದಕ್ಕೆ ನನ್ನ ತರಬೇತಿಯ ವರದಿಯೇ ಆಧಾರ ಎಂದು ಕಚೇರಿ ಮೊದಲೇ ತಿಳಿಸಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೂ ನನ್ನನ್ನು ಕಂಡು ಅವಳೇನೂ ಗಾಬರಿಯಾಗಲಿಲ್ಲ. ಕುರ್ಚಿ ಒರೆಸಿ ಕೊಟ್ಟಳು, ನೀರು ಕೊಟ್ಟಳು, ತನ್ನ ಕೆಲಸಕ್ಕೆ ತಿರುಗಿಕೊಂಡಳು. ತರಬೇತುದಾರಳು ಬಂದು ಪಕ್ಕದಲ್ಲಿ ಕೂತರೂ ಗಾಬರಿಯಾಗದವರನ್ನು ಕಂಡರೆ ನನಗೆ ಮೊದಲೇ ಅನುಮಾನ.

ರಜಿಸ್ಟರ್ ತೆರೆದೆ. ಹೆಸರು, ವಯಸ್ಸು, ಓಣಿ, ನಾಡಿ, ಬಿಪಿ ಎಲ್ಲ ಮುತ್ತಿನಂಥ ಅಕ್ಷರ. ಆದರೆ ಕೆಲವು ಹೆಸರುಗಳ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಸಣ್ಣ ಬಳೆಯಂಥ ಗುರುತಿತ್ತು. ನಾವು ಕೊಟ್ಟ ನಮೂನೆಯಲ್ಲಿ ಅಂಥ ಗುರುತಿಗೆ ಜಾಗವೇ ಇಲ್ಲ. ಹಿಂದಿನ ಪುಟಗಳಲ್ಲೂ ಇದ್ದವು. ಒಂದೊಂದನ್ನೇ ನೋಡಿದೆ: ಗುರುತಿದ್ದವರಲ್ಲಿ ಬಹುಪಾಲು ಜನರಿಗೆ ಕೆಂಪು, ಉಳಿದವರಿಗೆ ಹಳದಿ. ಓಣಿಯ ಹೆಸರು ನೋಡಿದರೆ ಹೆಚ್ಚಿನವರು ಮಗ್ಗಗಳಿರುವ ಓಣಿಗಳವರೇ. ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಬೇರೆ ಕಡೆಯಿಂದ ಬಂದವರ ಪಕ್ಕದಲ್ಲಿ ಆ ಗುರುತು ಅಪರೂಪ. ತನ್ನವರನ್ನು ಮುಂದೆ ಬಿಡುತ್ತಿದ್ದಾಳೆ ಎಂದು ಆ ಕ್ಷಣವೇ ನನ್ನೊಳಗೆ ನಿಶ್ಚಯವಾಗಿಬಿಟ್ಟಿತು.

ಏನು ಗುರುತಿದು ಎಂದು ಅವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಎಚ್ಚರಾಗುತ್ತಾಳೆ, ನಾಳೆಯಿಂದ ಗುರುತು ಹಾಕುವುದು ಬಿಡುತ್ತಾಳೆ, ಆಮೇಲೆ ಏನೂ ಸಿಕ್ಕುವುದಿಲ್ಲ ಎಂದು ಲೆಕ್ಕ ಹಾಕಿದೆ. ರಜಿಸ್ಟರಿನ ಪುಟಗಳ ಫೋಟೋ ತೆಗೆದುಕೊಂಡು, ಅಕ್ಷರ ಚೆನ್ನಾಗಿದೆ ಎಂದು ಹೊಗಳಿ ಮುಚ್ಚಿಟ್ಟೆ.

ಮರುದಿನದಿಂದ ಅವಳ ಮಾತಿನ ಮೇಲೆ ಕಿವಿ ಇಟ್ಟೆ. ಬಿಪಿ ಪಟ್ಟಿ ಸುತ್ತುತ್ತಲೇ ರೋಗಿಗಳನ್ನು ಮಗ್ಗದ ಬಗ್ಗೆ ವಿಚಾರಿಸುತ್ತಿದ್ದಳು. ಸೀರೆ ಎಲ್ಲಿಗೆ ಬಂತು, ಸೆರಗು ಹತ್ತಿತೇ, ಮಗ್ಗದ ಮೇಲೆ ಈಗ ಯಾರು ಕೂತಿದ್ದಾರೆ. ಹೊಲದವರು ಬಂದರೆ ಎತ್ತು ಯಾರು ಹೂಡಿದರು, ಒಲೆಯ ಮೇಲೆ ಏನಿಟ್ಟು ಬಂದಿರಿ ಎಂದು ಹರಟೆ. ಎದೆ ಹಿಡಿದುಕೊಂಡು ಬಂದವನನ್ನು ಸೀರೆಯ ಬಗ್ಗೆ ಕೇಳುವ ನರ್ಸನ್ನು ನಾನು ಅದೇ ಮೊದಲು ಕಂಡದ್ದು. ಅವಳ ಚೀಲದಲ್ಲಿ ಕಾಗದ ಸುತ್ತಿದ ಎರಡು ಹೊಸ ಸೀರೆಗಳೂ ಕಂಡವು. ಓಹೋ, ದವಾಖಾನೆಯ ಮೇಜಿನ ಮೇಲೇ ಸೀರೆಯ ವ್ಯಾಪಾರ ಎಂದುಕೊಂಡೆ. ಔಷಧಿ ಕೊಡುವವನನ್ನು ಬಾಯಿಬಿಡಿಸಲು ನೋಡಿದೆ. ಆಕೆ ಭಾಳ ಚೊಲೋರಿ ಎಂದ. ಅವನು ಅದೇ ಓಣಿಯವನು ಎಂಬುದು ಗೊತ್ತಾಗಿ, ಅವನ ಮಾತನ್ನೂ ಸೋಸಿ ಪಕ್ಕಕ್ಕಿಟ್ಟೆ.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಡಬ್ಬಿಯನ್ನೂ ಬಿಚ್ಚದೆ ಹೊರಬಿದ್ದಳು. ನಾನು ಹಿಂದೆ ಹೋದೆ. ಹೇಳಲು ಈಗ ನಾಚಿಕೆಯಾಗುತ್ತದೆ. ಆಗ ನಾಚಿಕೆ ಇರಲಿಲ್ಲ, ಒಂದು ಬಗೆಯ ಖುಷಿಯೇ ಇತ್ತು. ಪೇಟೆ ದಾಟಿ ಒಂದು ಸಣ್ಣ ಓಣಿಯಲ್ಲಿ ತಗ್ಗು ಬಾಗಿಲಿನ ಮನೆಯೊಳಗೆ ಅವಳು ಹೋದಳು. ಮೂಲೆಯ ಚಹಾದಂಗಡಿಯಲ್ಲಿ ಕೂತು, ಒಂದರ ಮೇಲೊಂದು ಮೂರು ಕಪ್ ಚಹಾ ಕುಡಿದು ಕಾದೆ. ಆ ಮನೆ ಯಾರದೆಂದು ಕೇಳಿದ್ದಕ್ಕೆ ಅಂಗಡಿಯವನು ಹೆಸರು ಹೇಳಿದ. ಬೆಳಿಗ್ಗೆ ಅವಳು ಕೆಂಪು ಪಟ್ಟಿ ಕಟ್ಟಿ ಒಳಗೆ ಕಳಿಸಿದ ರೋಗಿಯ ಮನೆ ಅದು. ಅವನು ಇನ್ನೂ ದವಾಖಾನೆಯಲ್ಲೇ ಮಲಗಿದ್ದ. ಅವಳು ಹೊರಗೆ ಬಂದಾಗ ಒಂದೂವರೆ ತಾಸು ಆಗಿತ್ತು. ಊಟದ ವೇಳೆ ಒಂದು ತಾಸು ಮಾತ್ರ.

ವರದಿಯನ್ನು ಅಂದು ಸಂಜೆಯೇ ಬರೆದೆ. ಎರಡು ಪುಟ. ನಾನು ಬರೆಯುವುದರಲ್ಲಿ ಮುತುವರ್ಜಿಯವಳು. ಒಂದು ಶಬ್ದವನ್ನೂ ಹೆಚ್ಚು ಹಾಕಲಿಲ್ಲ, ಬೈಯಲಿಲ್ಲ, ಜಾತಿಯ ಹೆಸರೆತ್ತಲಿಲ್ಲ. ನಮೂನೆಯಲ್ಲಿ ಇಲ್ಲದ ಗುರುತುಗಳು ಕಂಡುಬಂದಿವೆ. ಗುರುತಿರುವವರು ಹೆಚ್ಚಾಗಿ ಸಿಬ್ಬಂದಿಯ ವಾಸದ ಕಡೆಯವರಾಗಿದ್ದಾರೆ. ಚಿಕಿತ್ಸೆಗೆ ಸಂಬಂಧವಿಲ್ಲದ ಸಂಭಾಷಣೆ ನಡೆಯುತ್ತದೆ. ಕರ್ತವ್ಯದ ಸಮಯದಲ್ಲಿ ಮಾರಾಟಯೋಗ್ಯ ಸೀರೆಗಳು ಕಂಡುಬಂದಿವೆ. ಗುರುವಾರ ಊಟದ ವೇಳೆಯಲ್ಲಿ ಸದರಿಯವರು ಕೆಂಪು ಪಟ್ಟಿಯ ರೋಗಿಯ ಮನೆಗೆ ಭೇಟಿ ನೀಡಿ ತಡವಾಗಿ ಮರಳಿದ್ದಾರೆ. ಕೊನೆಗೆ, ಇವರನ್ನು ಪಟ್ಟಿ ಕಟ್ಟುವ ಮೇಜಿನಿಂದ ತಕ್ಷಣ ಬದಲಿಸುವುದು ಸೂಕ್ತ, ಕರಾರು ಮುಂದುವರಿಸುವ ಬಗ್ಗೆ ಮರುಪರಿಶೀಲಿಸಬಹುದು. ಓದಿ ನೋಡಿದೆ. ಎಲ್ಲಿಯೂ ಸಡಿಲವಿರಲಿಲ್ಲ. ತುರ್ತು ಎಂದು ಮೇಲೆ ಬರೆದು ಕಳಿಸಿದೆ.

ನಾಲ್ಕೇ ದಿನದಲ್ಲಿ ಆದೇಶ ಬಂತು. ಅವಳನ್ನು ಒಳಗಿನ ವಾರ್ಡಿಗೆ ಹಾಕಿದರು. ತಿಂಗಳ ಕೊನೆಗೆ ಕರಾರು ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದೂ ಅದರಲ್ಲೇ ಇತ್ತು. ಕಾರಣ ಬರೆದಿರಲಿಲ್ಲ. ಅವಳು ಕಾಗದವನ್ನು ಎರಡು ಸಲ ಓದಿ, ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಚಾರ್ಟ್ ಸರಿಪಡಿಸುತ್ತಿದ್ದೆ. ಏನೂ ಕೇಳಲಿಲ್ಲ, ಪೆನ್ಸಿಲ್ ಎತ್ತಿಕೊಂಡು ವಾರ್ಡಿಗೆ ಹೋದಳು. ತಪ್ಪಿತಸ್ಥರಲ್ಲದಿದ್ದರೆ ಜಗಳವಾದರೂ ಮಾಡುತ್ತಿರಲಿಲ್ಲವೇ ಎಂದು ನಾನು ಮನಸ್ಸಿನಲ್ಲಿ ಹೇಳಿಕೊಂಡೆ. ಅವಳ ಸುಮ್ಮನಿರುವಿಕೆಯೂ ನನ್ನ ಲೆಕ್ಕದಲ್ಲಿ ಒಂದು ಪುರಾವೆಯಾಗಿ ಸೇರಿತು.

ಮೇಜಿಗೆ ಹೊಸಬಳೊಬ್ಬಳನ್ನು ಕೂರಿಸಿದೆ. ಈಗಷ್ಟೇ ಓದು ಮುಗಿಸಿದ ಹುಡುಗಿ. ನಾನು ಹೇಳಿದ್ದನ್ನು ಹೇಳಿದಷ್ಟೇ ಮಾಡುವವಳು. ಅವಳ ಪಕ್ಕದಲ್ಲಿ ನಾನೂ ಒಂದು ವಾರ ಕೂತೆ. ಐದನೆಯ ದಿನವೋ ಆರನೆಯ ದಿನವೋ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮೇಜಿನ ಮುಂದೆ ಸಾಲು ಉದ್ದವಿದ್ದಾಗ, ಐವತ್ತು ದಾಟಿದ ಒಬ್ಬ ಮನುಷ್ಯ ಬಂದು ನಿಂತ. ಬಿಳಿ ಅಂಗಿ, ಪಂಜೆ, ಕೈಬೆರಳಿಗೆ ಕೆಂಪು ಬಣ್ಣದ ನೂಲಿನ ಧೂಳು. ಒಬ್ಬನೇ ನಡೆದು ಬಂದಿದ್ದ. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಬೆಳಿಗ್ಗೆಯಿಂದ. ಹುಡುಗಿ ನಾಡಿ ನೋಡಿದಳು, ಸರಿಯಿತ್ತು. ಬಿಪಿ ಸರಿಯಿತ್ತು. ಬೆರಳಿನ ಮಷಿನ್ನೂ ಚೆನ್ನಾಗಿಯೇ ತೋರಿಸಿತು. ಅವನು ಮೇಜಿನ ಅಂಚು ಹಿಡಿದುಕೊಂಡು ಹೇಳಿದ:

"ಅಕ್ಕಾರ, ಕೊಂಡಿ ಅರ್ಧಾ ಆಗೇತ್ರಿ. ಬಿಟ್ಟ ಬಂದೇನಿ. ಸ್ವಲ್ಪ ಲಗೂ ನೋಡಿ ಕಳಸ್ರಿ."

ಹುಡುಗಿ ನನ್ನ ಕಡೆ ನೋಡಿದಳು. ನಲವತ್ತು ದಾಟಿದವರು ಹೊಟ್ಟೆಯ ಮೇಲೆ ಉರಿ ಅಂದರೆ ಹೃದಯದ ಪಟ್ಟಿ, ಅಂದರೆ ಇಸಿಜಿ, ತೆಗೆದು ನೋಡಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಾನೇ ಕಲಿಸುವ ಪಾಠ; ಗೋಡೆಯ ಚಾರ್ಟಿನ ಎರಡನೆಯ ಸಾಲು. ಆದರೆ ಆ ಲಗೂ ಎಂಬ ಮಾತು ನನಗೆ ಸೇರಲಿಲ್ಲ. ಕೆಲಸವಿದೆ, ಬೇಗ ಬಿಡಿ ಅನ್ನುವವರನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ಹಳೆಯ ನರ್ಸ್ ಇದ್ದಾಗ ಹೀಗೆ ಮಗ್ಗದ ಮಾತೆತ್ತಿ ಮುಂದೆ ಹೋಗುತ್ತಿದ್ದವನೇ ಇರಬೇಕು, ಆ ಆಟ ಈಗ ನಡೆಯುವುದಿಲ್ಲ ಎಂಬುದು ಇವನ ಮೂಲಕವೇ ಓಣಿಗೆಲ್ಲ ಗೊತ್ತಾಗಲಿ ಅಂದುಕೊಂಡೆ. ಹಸಿರು ಕಟ್ಟು ಅಂದೆ. ಎಲ್ಲರಿಗೂ ಕೆಲಸ ಇರುತ್ತದೆ ಯಜಮಾನರೇ, ಕೂತುಕೊಳ್ಳಿ ಎಂದು ಅವನಿಗೂ ಹೇಳಿದೆ. ಅವನು ಹೂಂ ಎಂದು ಬೆಂಚಿನ ತುದಿಗೆ ಹೋಗಿ ಕೂತ.

ಎಷ್ಟು ಹೊತ್ತಾಯಿತೋ. ಅರ್ಧ ತಾಸಿಗೆ ಹತ್ತಿರ. ವಾರ್ಡಿನಿಂದ ಖಾಲಿ ಸಲೈನ್ ಸ್ಟ್ಯಾಂಡ್ ತಳ್ಳಿಕೊಂಡು ಹಳೆಯ ನರ್ಸ್ ಆ ದಾರಿಯಲ್ಲಿ ಬಂದಳು. ಬೆಂಚಿನವನನ್ನು ಕಂಡು ನಿಂತಳು. ಅವನ ಬೆರಳು ನೋಡಿದಳು, ಮಂಡಿಯೂರಿ ಕೂತು ಏನೋ ಕೇಳಿದಳು, ಅವನು ಏನೋ ಹೇಳಿದ. ನಾನು ಕುರ್ಚಿಯಿಂದ ಅರ್ಧ ಎದ್ದೆ. ವಾರ್ಡಿಗೆ ಹಾಕಿದರೂ ಬಿಡಲಿಲ್ಲವಲ್ಲ ಇವಳು, ಈಗಲಾದರೂ ಕೈಯಾರೆ ಹಿಡಿಯುತ್ತೇನೆ ಎಂದು. ಅಷ್ಟರಲ್ಲಿ ಅವಳು ಸ್ಟ್ಯಾಂಡನ್ನು ಗೋಡೆಗೆ ಒತ್ತರಿಸಿ, ಗಾಲಿಕುರ್ಚಿ ಎಳೆದುಕೊಂಡು ಅವನನ್ನು ಕೂರಿಸಿಯಾಗಿತ್ತು. ನನ್ನ ಮುಂದೆಯೇ ಹಾದುಹೋದಳು. ಅಪ್ಪಣೆ ಕೇಳಲಿಲ್ಲ.

"ಇವ್ರು ಕೊಂಡಿ ಬಿಟ್ಟ ಎದ್ದ ಬಂದಾರ್ರಿ, ಮೇಡಂ," ಅಂದಳು. "ಬೆನ್ನ ಹಿಂದ ಮನಿಗೆ ಬೆಂಕಿ ಹತ್ತಿದ್ರೂ ಅದನ್ನ ಬಿಟ್ಟ ಏಳಾಂಗಿಲ್ಲರಿ ಇವ್ರು."

ಒಳಗೆ ಡಾಕ್ಟರು ಹೃದಯದ ಪಟ್ಟಿ ತೆಗೆಸಿದರು. ಕಾಗದ ಹೊರಬರುತ್ತಿದ್ದಂತೆ ಎಲ್ಲರೂ ಓಡಾಡತೊಡಗಿದರು. ದೊಡ್ಡ ಹೃದಯಾಘಾತ, ನಡೆಯುತ್ತಲೇ ಇತ್ತು. ಮಾತ್ರೆ, ಇಂಜೆಕ್ಷನ್, ಬಾಗಲಕೋಟೆಗೆ ಆಂಬುಲೆನ್ಸ್. ಅದರ ಬಾಗಿಲು ಮುಚ್ಚುವಾಗ ಅವನ ಮುಂಗೈಯಲ್ಲಿ ನಾನು ಕಟ್ಟಿಸಿದ ಹಸಿರು ಪಟ್ಟಿ ಇನ್ನೂ ಇತ್ತು. ಅವಳೇ ಕೈಚಾಚಿ ಅದನ್ನು ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡಳು. ಅವನು ಬದುಕಿದ. ಇನ್ನರ್ಧ ತಾಸು ಬೆಂಚಿನ ಮೇಲಿದ್ದರೆ ಬದುಕುತ್ತಿರಲಿಲ್ಲ ಎಂದು ಬಾಗಲಕೋಟೆಯ ಡಾಕ್ಟರು ಫೋನಿನಲ್ಲಿ ಹೇಳಿದರು. ಯಾರು ಕಳಿಸಿದ್ದು, ಚೆನ್ನಾಗಿ ಹಿಡಿದಿದ್ದೀರಿ ಎಂದೂ ಹೇಳಿದರು. ಫೋನು ನನ್ನ ಕೈಯಲ್ಲಿತ್ತು.

ಅಂದು ಮಧ್ಯಾಹ್ನ ನಾನು ಮೊದಲ ಸಲ ಅವಳನ್ನು ಕೇಳಿದೆ. ವಾರ್ಡಿನ ಮೂಲೆಯಲ್ಲಿ ಹತ್ತಿ ಕತ್ತರಿಸುತ್ತ ಕೂತಿದ್ದಳು, ಕತ್ತರಿಸುತ್ತಲೇ ಹೇಳಿದಳು. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಕೆಂಪು ರೇಷ್ಮೆಯ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು, ನೂರಾರು ಎಳೆ. ಮಧ್ಯದಲ್ಲಿ ಬಿಟ್ಟರೆ ಬಿಗಿ ತಪ್ಪಿ ಎಳೆ ಗಂಟು ಬೀಳುತ್ತದೆ, ಆ ಸೀರೆಯೇ ಹಾಳು. ಅದಕ್ಕೇ ಕೊಂಡಿಗೆ ಕೂತವರು ಬಾಯಾರಿದರೂ ಏಳುವುದಿಲ್ಲ. ಎದ್ದು ಬಂದಿದ್ದಾರೆ ಎಂದರೆ ಒಳಗೆ ಏನೋ ಆಗಿದೆ, ಅವರ ಬಾಯಿಗೆ ಅದನ್ನು ಹೇಳಲು ಬರುತ್ತಿಲ್ಲ ಎಂದೇ ಅರ್ಥ. ಇಲ್ಲಿನ ಜನ ನೋವನ್ನು ಇದ್ದಷ್ಟು ಹೇಳುವುದಿಲ್ಲ, ಕಡಿಮೆ ಮಾಡಿಯೇ ಹೇಳುತ್ತಾರೆ. ಆದರೆ ಏನು ಕೆಲಸ ಬಿಟ್ಟು ಬಂದಿರಿ ಎಂದು ಕೇಳಿದರೆ ಅದನ್ನು ಮುಚ್ಚಿಡುವುದಿಲ್ಲ. ಅರ್ಧಕ್ಕೆ ಬಿಟ್ಟು ಬಂದವರ ಹೆಸರಿನ ಪಕ್ಕ ಅವಳು ಒಂದು ಕೊಂಡಿಯ ಗುರುತು ಹಾಕುತ್ತಿದ್ದಳು, ಮತ್ತೆ ಮತ್ತೆ ಹೋಗಿ ನೋಡಲು ನೆನಪಿರಲಿ ಎಂದು. ಹಳ್ಳಿಯ ಹೆಂಗಸು ಒಲೆಯ ಮೇಲಿನ ಹಂಚು ಇಳಿಸದೆ ಬಂದರೂ ಅದೇ ಗುರುತು. ಪಾಲಿಶ್ ಕೆಲಸದವರ ಭಾಷೆ ತನಗೆ ಅಷ್ಟು ಬರುವುದಿಲ್ಲ, ಅವರ ಕೆಲಸದಲ್ಲಿ ಯಾವುದು ಅರ್ಧಕ್ಕೆ ಬಿಡಬಾರದ್ದು ಎಂಬುದೂ ಗೊತ್ತಿಲ್ಲ, ಕಲಿಯಬೇಕು ಅಂದಳು. ಕಲಿಯಬೇಕು ಎಂದು ಹೇಳುವಾಗ ಅವಳ ಕರಾರು ಮುಗಿಯಲು ಒಂಬತ್ತು ದಿನ ಉಳಿದಿತ್ತು.

ನನಗೆ ಆಗ ಆದದ್ದು ನಾಚಿಕೆ. ಬರೀ ನಾಚಿಕೆಯಲ್ಲ, ಹೆದರಿಕೆಯೂ ಹೌದು; ಇಷ್ಟು ವರ್ಷ ಇನ್ನೆಷ್ಟು ಜನರನ್ನು ಬೆಂಚಿನ ಮೇಲೆ ಕೂರಿಸಿದೆನೋ ಎಂಬ ಹೆದರಿಕೆ. ನಿನ್ನ ಆದೇಶಕ್ಕೆ ಕಾರಣ ನಾನೇ ಎಂದು ಅಲ್ಲಿಯೇ ಹೇಳಿದೆ. ಗೊತ್ತೈತ್ರಿ ಅಂದಳು. ಹತ್ತಿಯ ಡಬ್ಬಿಯ ಮುಚ್ಚಳ ಹಾಕಿ ಎದ್ದುಹೋದಳು.

ಸಂಜೆಯೇ ಎರಡನೆಯ ಪತ್ರ ಬರೆದೆ. ನನ್ನ ವರದಿ ತಪ್ಪು, ಅದನ್ನು ಹಿಂತೆಗೆದುಕೊಳ್ಳುತ್ತೇನೆ, ಇವರನ್ನು ಮುಂದುವರಿಸಬೇಕು, ಹಸಿರು ಕಟ್ಟಿಸಿದವಳು ನಾನು ಎಂದೆಲ್ಲ. ಅದರ ಮೇಲೂ ತುರ್ತು ಎಂದು ಬರೆದೆ. ಒಂಬತ್ತು ದಿನ ದಿನಕ್ಕೆರಡು ಸಲ ಕಚೇರಿಗೆ ಫೋನು ಮಾಡಿದೆ. ಮೇಲಧಿಕಾರಿಗಳು ಪ್ರವಾಸದಲ್ಲಿದ್ದಾರೆ ಅಂದರು, ಕಡತ ಮೇಜಿಗೆ ಹೋಗಿದೆ ಅಂದರು. ಬಾಗಲಕೋಟೆಗೆ ಬಂದು ಎದುರಿಗೇ ನಿಂತಾಗ ಸಾಹೇಬರು ನಕ್ಕು, ಹಿಂದೆ ಬಾದಾಮಿಯಲ್ಲಿ ಹಿಡಿದವಳನ್ನೂ ಆಮೇಲೆ ಪಾಪ ಅಂದಿದ್ದಿರಿ, ಮೊದಲು ಕಂಡದ್ದೇ ಸರಿ ಇರುತ್ತದೆ, ಮನಸ್ಸು ಮೆತ್ತಗೆ ಮಾಡಿಕೊಳ್ಳಬೇಡಿ ಅಂದರು. ಕೊಂಡಿಯ ಗುರುತನ್ನು ನಮೂನೆಯಲ್ಲಿ ಇಲ್ಲದ್ದು ಎಂದು ಬರೆದಾಗ ತಕ್ಷಣ ನಂಬಿದವರು, ಅದೇ ಕೊಂಡಿ ಒಬ್ಬನ ಜೀವ ಉಳಿಸಿತು ಎಂದಾಗ ನಂಬಲಿಲ್ಲ. ತಿಂಗಳು ಮುಗಿಯಿತು, ಅವಳು ಸಮವಸ್ತ್ರ ಒಗೆದು ಮಡಚಿ ಒಪ್ಪಿಸಿ ಹೋದಳು.

ಆ ಪ್ರಶ್ನೆಯನ್ನು ನಾನು ತರಬೇತಿಗೆ ಸೇರಿಸಿಕೊಂಡೆ. ಏನು ಬಿಟ್ಟು ಬಂದಿರಿ ಎಂದು ಕೇಳಿ ಅನ್ನುತ್ತೇನೆ. ಸುಳ್ಳು ರೋಗಿಯ ಆಟ ಈಗ ಆಡಿಸುವುದಿಲ್ಲ. ಹುನಗುಂದದಲ್ಲಿ ಬೀರಪ್ಪ ದೇವರ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು ಬಂದ ಒಬ್ಬ ಕುರಿಗಾರ, ಸ್ವಲ್ಪ ತಲಿಶೂಲಿ ಅಷ್ಟರಿ ಅಂದ. ಕುರಿ ಯಾರ ಹತ್ತಿರ ಎಂದು ಅಲ್ಲಿಯ ನರ್ಸ್ ಕೇಳಿದಳು. ಬಯಲಲ್ಲೇ ಬಿಟ್ಟು ಬಂದೆ ಎಂದ. ಅವಳು ಕೆಂಪು ಕಟ್ಟಿದಳು, ಅದು ಸರಿಯಾಗಿತ್ತು. ನಾಲ್ಕೂ ಊರಲ್ಲಿ ಆ ಪ್ರಶ್ನೆ ನನ್ನದೆಂದೇ ತಿಳಿದಿದ್ದಾರೆ. ಅಲ್ಲ, ಇಳಕಲ್ಲಿನ ಒಬ್ಬಳದು ಎಂದು ಪ್ರತಿ ಸಲ ಹೇಳುತ್ತೇನೆ. ಹಾಗಾದರೆ ಅವರನ್ನೇ ಯಾಕೆ ಕರೆಸಲಿಲ್ಲ ಎಂದು ಯಾರಾದರೂ ಕೇಳುತ್ತಾರೆ.

ನನ್ನ ಎರಡನೆಯ ಪತ್ರಕ್ಕೆ ಉತ್ತರ ಬಂದದ್ದು ಏಳು ತಿಂಗಳ ಮೇಲೆ. ಸದರಿ ಹುದ್ದೆ ಈಗಾಗಲೇ ಭರ್ತಿಯಾಗಿರುವುದರಿಂದ ಕ್ರಮ ಅನಗತ್ಯ ಎಂದಿತ್ತು. ಅದನ್ನೂ ನನ್ನ ಎರಡೂ ಪತ್ರಗಳ ನಕಲನ್ನೂ ಹಿಡಿದುಕೊಂಡು ಒಂದು ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಅವಳು ಆಗ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಳು, ಉಳಿದ ಹೊತ್ತು ಮಗ್ಗ. ಅತ್ತೆ ನನಗೆ ಚಾಪೆ ಹಾಸಿದರು. ಗಂಡ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ ಬರ್ರಿ ಎಂದ, ಕೆಲಸ ನಿಲ್ಲಿಸಲಿಲ್ಲ. ನಾನು ಎರಡನೆಯ ಪತ್ರವನ್ನು ಅವಳಿಗೆ ಕೊಟ್ಟೆ. ಅವಳು ನಿಧಾನವಾಗಿ ಓದಿ ಮಡಚಿದಳು.

"ಇದಿರಲಿ," ಅಂದಳು. "ಮೊದಲ ಬರದಿದ್ರಲ್ಲ, ಅದನ್ನ ನನಗ ಯಾರೂ ತೋರಿಸಲೇ ಇಲ್ಲ. ಅದನ್ನ ಓದಿ ಹೇಳ್ರಿ."

ಬೇಡ ಅನ್ನಲು ನನಗೆ ಮುಖವಿರಲಿಲ್ಲ. ಅವಳ ಅತ್ತೆಯ ಎದುರು, ಗಂಡನ ಎದುರು ಆ ಎರಡು ಪುಟವನ್ನು ನಾನೇ ಬಾಯಿಬಿಟ್ಟು ಓದಿದೆ. ಗುರುತುಗಳು ಎಂದು ಓದಿದೆ, ಸೀರೆಗಳು ಎಂದು ಓದಿದೆ. ಅಂಗಡಿಗೆ ಕೊಡೋ ಸೀರಿ ಅವು, ನಾನೇ ಕೊಟ್ಟಿದ್ನಿ ಎಂದು ಗಂಡ ಕುಣಿಯಿಂದ ಮೆಲ್ಲಗೆ ಹೇಳಿದ. ಗುರುವಾರ ಕೆಂಪು ಪಟ್ಟಿಯ ರೋಗಿಯ ಮನೆಗೆ ಭೇಟಿ ನೀಡಿ ತಡವಾಗಿ ಮರಳಿದ್ದಾರೆ ಎಂದು ಓದಿದಾಗ ಅತ್ತೆ ತಲೆಯೆತ್ತಿದರು. ಆ ಮನೆಯಲ್ಲಿ ಗಂಡ ದವಾಖಾನೆಯಲ್ಲಿ, ಹೆಂಡತಿ ಅವನ ಹಾಸಿಗೆಯ ಹತ್ತಿರ, ಮಗ್ಗದ ಮೇಲೆ ಕೊಂಡಿ ಅರ್ಧಕ್ಕೆ ನಿಂತಿತ್ತಂತೆ. ಅದನ್ನು ಮುಗಿಸಿಕೊಡಲು ಸೊಸೆ ಊಟ ಬಿಟ್ಟು ಹೋಗಿದ್ದಳು ಎಂದು ಅವರು ಹೇಳಿದರು. ನಾನು ಮೂಲೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಒಂದೂವರೆ ತಾಸೂ ಅವಳು ಒಳಗೆ ಬಗ್ಗಿ ಕೂತು ಇನ್ನೊಬ್ಬರ ಎಳೆ ಕೂಡಿಸುತ್ತಿದ್ದಳು.

ಕೊನೆಯ ಸಾಲಿನವರೆಗೂ ಓದಿದೆ. ಕೆಳಗಿದ್ದ ನನ್ನ ಸಹಿಯನ್ನೂ ಓದಿದೆ. ಅವಳು ಕೈಚಾಚಿ ಕಾಗದ ತೆಗೆದುಕೊಂಡು, ಮೊದಲಿಂದ ಕೊನೆಯವರೆಗೆ ತಾನೂ ಒಂದು ಸಲ ಓದಿದಳು. ಸಿಟ್ಟು ಮಾಡಿಯಾಳು ಎಂದು ಕಾದೆ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಒಂದೂ ಸುಳ್ಳ ಬರದಿಲ್ಲ ಬಿಡ್ರಿ, ಮೇಡಂ," ಅಂದಳು. "ಇದನ್ನ ಓದಿದ್ರ ನಾನೂ ಆಕೀನ ತಗದ ಹಾಕ್ತಿದ್ನಿ."